ಕಬ್ಬಿನ ಗದ್ದೆಯಲ್ಲಿ ಮೊಲ ಹಿಡಿದ ಕಾಲುಗಳು

ಫ್ಲಾರಿಡಾದ ಓಕಿಚೋಬೀ ಸರೋವರದ ದಕ್ಷಿಣ ದಂಡೆಯಲ್ಲಿ ಕಬ್ಬು ಕಟಾವಿಗೆ ಬಂದಾಗ ಮೊದಲು ಗದ್ದೆಗೆ ಬೆಂಕಿ ಕೊಡುತ್ತಾರೆ. ಒಣ ರವದಿಯೆಲ್ಲ ಉರಿದುಹೋಗಿ ಜಲ್ಲೆಯಷ್ಟೇ ಉಳಿಯಲಿ ಎಂದು. ಒಳಗೆ ಅಡಗಿದ್ದ ಮೊಲಗಳು ಹೊಗೆ ತಾಳಲಾರದೆ ಗದ್ದೆಯ ಅಂಚಿಗೆ ನುಗ್ಗುತ್ತವೆ. ಅಲ್ಲಿ ಹುಡುಗರು ಕಾದು ನಿಂತಿರುತ್ತಾರೆ. ಮೊಲ ನೆಟ್ಟಗೆ ಓಡುವ ಪ್ರಾಣಿಯಲ್ಲ. ಎಡಕ್ಕೆ ಹೊರಟಂತೆ ತೋರಿಸಿ ಬಲಕ್ಕೆ ಹಾರುತ್ತದೆ. ಅದನ್ನು ಬರಿಗೈಯಲ್ಲಿ ಹಿಡಿಯಬೇಕಾದರೆ ಕಾಲು ಚುರುಕಿದ್ದರೆ ಸಾಲದು, ಅದು ಯಾವ ಕಡೆ ತಿರುಗೀತು ಎಂದು ಕಣ್ಣು ಮೊದಲೇ ಊಹಿಸಬೇಕು. ಹಿಡಿದ ಮೊಲ ಮನೆಯ ಅಡುಗೆಗಾಯಿತು, ಇಲ್ಲವೇ ನಾಲ್ಕು ಡಾಲರು ಕೈಗೆ ಬಂತು.

ಇಲ್ಲಿನ ನೆಲ ಎರೆಗಿಂತಲೂ ಕಪ್ಪು. ಎವರ್‌ಗ್ಲೇಡ್ಸ್ ಜೌಗನ್ನು ಬಸಿದು ತೆಗೆದ ಈ ಮಣ್ಣನ್ನು ಊರವರು 'ಮಕ್' ಎನ್ನುತ್ತಾರೆ. ಬೆಲ್ ಗ್ಲೇಡ್ ಮತ್ತು ಪಹೋಕಿ ಈ ಮಣ್ಣಿನ ಎರಡು ಊರುಗಳು. ಬೆಲ್ ಗ್ಲೇಡ್‌ನಲ್ಲಿ ಹದಿನೇಳು ಸಾವಿರದಷ್ಟು ಜನ, ಪಹೋಕಿಯಲ್ಲಿ ಆರು ಸಾವಿರವೂ ಇಲ್ಲ. ಈ ಎರಡೂರುಗಳಿಂದ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ಗೆ ಹೋದವರನ್ನು ಡಜನ್ ಲೆಕ್ಕದಲ್ಲಿ ಎಣಿಸಬೇಕು.

2009ರ ಫೆಬ್ರುವರಿ 1ರಂದು ನಡೆದ ಎನ್‌ಎಫ್‌ಎಲ್ ಫೈನಲ್ ಸೂಪರ್ ಬೌಲ್ ನೆನಪಿಸಿಕೊಳ್ಳಿ. ಆಟ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ಪಿಟ್ಸ್‌ಬರ್ಗ್ ತಂಡದ ಸ್ಯಾಂಟೋನಿಯೋ ಹೋಮ್ಸ್ ಮೈದಾನದ ಮೂಲೆಯಲ್ಲಿ ಕಾಲ್ಬೆರಳ ತುದಿಯಷ್ಟನ್ನೇ ನೆಲಕ್ಕೂರಿ ಚೆಂಡು ಹಿಡಿದರು. 27-23ರಿಂದ ತಂಡ ಗೆದ್ದಿತು, ಅವರೇ ಪಂದ್ಯದ ಶ್ರೇಷ್ಠ ಆಟಗಾರ. ಸೋತ ಅರಿಝೋನ ತಂಡದಲ್ಲಿ ಅದೇ ಕೆಲಸಕ್ಕೆ ನಿಂತಿದ್ದವರು ಆಂಕ್ವಾನ್ ಬೋಲ್ಡಿನ್. ಹೋಮ್ಸ್ ಬೆಲ್ ಗ್ಲೇಡ್‌ನವರು, ಬೋಲ್ಡಿನ್ ಪಹೋಕಿಯವರು. ಜಗತ್ತು ಕಣ್ಣು ಕೀಲಿಸಿ ನೋಡುತ್ತಿದ್ದ ಆಟದಲ್ಲಿ ಎದುರುಬದುರು ನಿಂತ ಇಬ್ಬರು ನೆರೆಯೂರ ಹುಡುಗರು.

ಇಷ್ಟು ಸಣ್ಣ ನೆಲದಿಂದ ಇಷ್ಟೊಂದು ಆಟಗಾರರು ಹೇಗೆ ಬಂದರು? ವಿಸ್ತಾರದಲ್ಲಿ ದೊಡ್ಡದಾದ ಎಷ್ಟೋ ರಾಜ್ಯಗಳು ವರ್ಷಕ್ಕೆ ಬೆರಳೆಣಿಕೆಯ ಹುಡುಗರನ್ನು ಕಳಿಸಲೂ ಏಕೆ ಒದ್ದಾಡುತ್ತವೆ? ಅಮೆರಿಕದಲ್ಲಿ ಇದನ್ನು 'ಪ್ರತಿಭೆಯ ನಕ್ಷೆ' ಎಂದು ಚರ್ಚಿಸುತ್ತಾರೆ. ಆ ನಕ್ಷೆಯನ್ನು ಹತ್ತಿರದಿಂದ ನೋಡಿದಷ್ಟೂ ಅದರಲ್ಲಿ ಬೇರೊಂದು ಚಿತ್ರ ಕಾಣತೊಡಗುತ್ತದೆ.

ಮನೆಬಾಗಿಲಿಗೆ ಬರುವ ಕೋಚ್

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಲ್ಲಿ ಒದೆಯುವ ಆಟವಲ್ಲ. ಕೋಳಿಮೊಟ್ಟೆಯ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಹೆಲ್ಮೆಟ್ ಮತ್ತು ಹೆಗಲ ಕವಚ ತೊಟ್ಟು, ನೂರು ಗಜದ ಮೈದಾನದಲ್ಲಿ ಹನ್ನೊಂದು ಜನ ಹನ್ನೊಂದು ಜನರ ಗೋಡೆಯನ್ನು ಭೇದಿಸುವ ಆಟ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ತಂಡದ ಬುದ್ಧಿ. ಅದನ್ನು ಹಿಡಿಯಲು ಓಡುವವರು ರಿಸೀವರ್‌ಗಳು. ಎದುರಾಳಿಗೆ ಮೈಯೊಡ್ಡಿ ತಡೆಯುವ ದೈತ್ಯರು ಲೈನ್‌ಮನ್‌ಗಳು.

ಈ ಆಟದಲ್ಲಿ ಮೇಲಕ್ಕೆ ಹೋಗಲು ಇರುವುದು ಹೆಚ್ಚುಕಡಿಮೆ ಒಂದೇ ಮೆಟ್ಟಿಲು. ಹೈಸ್ಕೂಲು ಮುಗಿಸಿ ಮೂರು ವರ್ಷ ಕಳೆಯುವ ತನಕ ಎನ್‌ಎಫ್‌ಎಲ್ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಆ ಮೂರು ವರ್ಷ ಆಡಲು ಕಾಲೇಜು ತಂಡವೇ ಬೇಕು. ಹಾಗಾಗಿ ಕಾಲೇಜು ಕೋಚ್‌ಗಳು ಹದಿನಾರು ಹದಿನೇಳರ ಹುಡುಗರನ್ನು ಹುಡುಕಿಕೊಂಡು ಊರೂರು ಅಲೆಯುತ್ತಾರೆ, ಮನೆಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತು ತಾಯಿಯನ್ನು ಒಪ್ಪಿಸುತ್ತಾರೆ. ದೇಶದಲ್ಲಿ ಸುಮಾರು ಹತ್ತು ಲಕ್ಷ ಹೈಸ್ಕೂಲು ಹುಡುಗರು ಈ ಆಟ ಆಡುತ್ತಾರೆ. ಯಾವುದಾದರೂ ಒಂದು ಕಾಲೇಜು ತಂಡ ಸೇರುವವರು ನೂರಕ್ಕೆ ಏಳೆಂಟು ಮಂದಿ. ಮೇಲ್ದರ್ಜೆಯ ನೂರಮೂವತ್ತಕ್ಕೂ ಹೆಚ್ಚು ತಂಡಗಳಲ್ಲಿ ಪ್ರತಿಯೊಂದಕ್ಕೂ ಬಹುಕಾಲ 85 ವಿದ್ಯಾರ್ಥಿವೇತನಗಳ ಮಿತಿಯಿತ್ತು. ಆ ಒಂದು ಸ್ಥಾನ ಸಿಕ್ಕಿದರೆ ಬಡವರ ಮನೆಗೆ ನಾಲ್ಕು ವರ್ಷದ ಕಾಲೇಜು ಖರ್ಚು ಉಳಿಯುತ್ತದೆ. ಅಮೆರಿಕದಲ್ಲಿ ಅದು ಸಣ್ಣ ಮೊತ್ತವಲ್ಲ.

ಹುಡುಗರಿಗೆ ಎರಡರಿಂದ ಐದರವರೆಗೆ ನಕ್ಷತ್ರ ಕೊಡುವ ಸಂಸ್ಥೆಗಳೂ ಇವೆ. ಅವುಗಳ ಪಟ್ಟಿಯಲ್ಲಿ ವರ್ಷವರ್ಷವೂ ಎದ್ದು ಕಾಣುವ ಹೆಸರುಗಳು ಟೆಕ್ಸಸ್, ಫ್ಲಾರಿಡಾ, ಕ್ಯಾಲಿಫೋರ್ನಿಯಾ, ಜಾರ್ಜಿಯ. ಜನಸಂಖ್ಯೆಗೆ ಹೋಲಿಸಿದರೆ ಲೂಸಿಯಾನ, ಅಲಬಾಮ, ಮಿಸಿಸಿಪಿಗಳೂ ಮುಂದೆ ಬರುತ್ತವೆ. ನ್ಯೂಯಾರ್ಕ್, ಮಿನೆಸೋಟ, ನ್ಯೂ ಇಂಗ್ಲೆಂಡಿನ ರಾಜ್ಯಗಳು ಹಿಂದೆ ಉಳಿಯುತ್ತವೆ. ಇದನ್ನು ನೋಡಿದವರು 'ಅಲ್ಲಿನ ಹುಡುಗರ ರಕ್ತದಲ್ಲೇ ಇದೆ' ಎಂದುಬಿಡುತ್ತಾರೆ. ಆ ಮಾತು ಎಷ್ಟು ಪೊಳ್ಳು ಎಂದು ತಿಳಿಯಲು ಉತ್ತರದ ಒಂದು ಕಣಿವೆಗೆ ಹೋಗಿ ಬರಬೇಕು.

ಕುಲುಮೆ ಆರಿದ ಕಣಿವೆ

ಪಶ್ಚಿಮ ಪೆನ್ಸಿಲ್ವೇನಿಯ ಒಂದು ಕಾಲಕ್ಕೆ ಉಕ್ಕಿನ ಸೀಮೆ. ಹಗಲಿರುಳು ಕುಲುಮೆ ಉರಿಯುತ್ತಿದ್ದ ಆ ನದಿ ಕಣಿವೆಗಳಿಗೆ ಹಂಗೆರಿ, ಇಟಲಿ, ಪೋಲೆಂಡ್, ಉಕ್ರೇನ್‌ಗಳಿಂದ ಬಂದ ಕೂಲಿಕಾರರ ಮಕ್ಕಳು, ದಕ್ಷಿಣದಿಂದ ಬಂದ ಕಪ್ಪು ಕಾರ್ಮಿಕರ ಮಕ್ಕಳು ಒಂದೇ ಶಾಲೆಯಲ್ಲಿ ಓದಿ ಒಂದೇ ಮೈದಾನದಲ್ಲಿ ಆಡಿದರು. ಜಾನಿ ಯೂನಿಟಸ್, ಜಾರ್ಜ್ ಬ್ಲ್ಯಾಂಡಾ, ಜೋ ನೇಮತ್, ಜೋ ಮೊಂಟಾನ, ಜಿಮ್ ಕೆಲ್ಲಿ, ಡ್ಯಾನ್ ಮರೀನೊ. ಈ ಆರು ಮಹಾ ಕ್ವಾರ್ಟರ್‌ಬ್ಯಾಕ್‌ಗಳೂ ಈ ಒಂದೇ ಸೀಮೆಯವರು, ಆರೂ ಜನ ಆಟದ 'ಹಾಲ್ ಆಫ್ ಫೇಮ್'ನಲ್ಲಿದ್ದಾರೆ. ನೇಮತ್ ಅವರ ತಂದೆ ಉಕ್ಕಿನ ಕಾರ್ಖಾನೆಯ ಕೆಲಸಗಾರ. ಪಕ್ಕದ ಒಹಾಯೊ ರಾಜ್ಯದ ಮ್ಯಾಸಿಲನ್ ಎಂಬ ಊರಲ್ಲಿ ಹುಟ್ಟಿದ ಗಂಡುಮಗುವಿನ ಕೈಗೆ ಆಸ್ಪತ್ರೆಯಲ್ಲೇ ಪುಟ್ಟ ಫುಟ್‌ಬಾಲ್ ಇಡುವ ರೂಢಿಯಿತ್ತು. ಪ್ರತಿಭೆಯ ನಕ್ಷೆಯ ನಡುಬಿಂದು ಆಗ ಇಲ್ಲಿತ್ತು. ಈ ಜನರೇ ಗಟ್ಟಿ, ಇವರ ರಕ್ತವೇ ಬೇರೆ ಎಂಬ ಮಾತು ಆಗಲೂ ಇತ್ತು.

1970ರ ದಶಕದ ಕೊನೆಯಿಂದ ಕುಲುಮೆಗಳು ಒಂದೊಂದಾಗಿ ಆರಿದವು. ಕೆಲಸ ಹೋದ ಕುಟುಂಬಗಳು ದಕ್ಷಿಣಕ್ಕೆ, ಪಶ್ಚಿಮಕ್ಕೆ ಗುಳೆ ಹೊರಟವು. 1970ರಿಂದ 2020ರ ನಡುವೆ ಪೆನ್ಸಿಲ್ವೇನಿಯದ ಜನಸಂಖ್ಯೆ 1.18 ಕೋಟಿಯಿಂದ 1.30 ಕೋಟಿಗೆ ಕುಂಟಿತು. ಅದೇ ಐವತ್ತು ವರ್ಷದಲ್ಲಿ ಟೆಕ್ಸಸ್ 1.12 ಕೋಟಿಯಿಂದ 2.91 ಕೋಟಿಗೆ, ಫ್ಲಾರಿಡಾ 68 ಲಕ್ಷದಿಂದ 2.15 ಕೋಟಿಗೆ ಬೆಳೆದವು. ಕಣಿವೆಯ ಜನರ ರಕ್ತ ಬದಲಾಗಲಿಲ್ಲ, ಸಂಬಳ ನಿಂತಿತು. ನಕ್ಷೆಯ ನಡುಬಿಂದು ಜನರ ಹಿಂದೆಯೇ ದಕ್ಷಿಣಕ್ಕೆ ಸರಿಯಿತು.

ಹೊರಡಲಾರದೆ ಉಳಿದವರ ಊರು ಆಲಿಕ್ವಿಪಾ. 1940ರಲ್ಲಿ 27 ಸಾವಿರ ಜನರಿದ್ದ ಊರಿನಲ್ಲಿ 2020ಕ್ಕೆ ಉಳಿದವರು ಒಂಬತ್ತು ಸಾವಿರ ಚಿಲ್ಲರೆ. ಆದರೂ ಇಲ್ಲಿನ ಒಂದೇ ಹೈಸ್ಕೂಲಿನಿಂದ ಮೂವರು ಹಾಲ್ ಆಫ್ ಫೇಮ್ ಸೇರಿದ್ದಾರೆ: ಮೈಕ್ ಡಿಟ್ಕಾ, ಟೈ ಲಾ, ಡರೆಲ್ ರೇವಿಸ್. ಡಿಟ್ಕಾ ಕಾರ್ಖಾನೆ ಭರ್ಜರಿಯಾಗಿದ್ದ ಕಾಲದ ಹುಡುಗ. ರೇವಿಸ್ ಹುಟ್ಟಿದ್ದು 1985ರಲ್ಲಿ, ಕಾರ್ಖಾನೆ ಬಾಗಿಲು ಹಾಕುತ್ತಿದ್ದ ಹೊತ್ತಿಗೆ. ಅಪ್ಪಂದಿರು ಕೆಲಸಕ್ಕೆ ಹೋಗುತ್ತಿದ್ದ ದಾರಿ ಮುಚ್ಚಿದ ಮೇಲೆ ಆ ಊರಿನ ಹುಡುಗರಿಗೆ ಉಳಿದದ್ದು ಮೈದಾನದ ದಾರಿಯೊಂದೇ.

ಕಣ್ಣಿದ್ದೂ ಕಾಣದವರು

ದಕ್ಷಿಣದ ಪ್ರತಿಭೆ 1970ರ ನಂತರ ಹುಟ್ಟಿದ್ದಲ್ಲ. ಮೊದಲೂ ಇತ್ತು, ಅಲ್ಲಿನ ವಿಶ್ವವಿದ್ಯಾಲಯಗಳು ಅದರತ್ತ ನೋಡಲಿಲ್ಲ. ಅಲಬಾಮ, ಮಿಸಿಸಿಪಿ, ಜಾರ್ಜಿಯಗಳ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಕಪ್ಪು ಹುಡುಗರಿಗೆ ಜಾಗವಿರಲಿಲ್ಲ. ಅವರು ಆಡಿದ್ದು ಲೂಸಿಯಾನದ ಗ್ರ್ಯಾಂಬ್ಲಿಂಗ್‌ನಂಥ ಕಪ್ಪು ಜನರ ಕಾಲೇಜುಗಳಲ್ಲಿ. ಅಲ್ಲಿ ಎಡ್ಡಿ ರಾಬಿನ್ಸನ್ ಎಂಬ ಕೋಚ್ 408 ಪಂದ್ಯ ಗೆದ್ದು ನೂರಾರು ಹುಡುಗರನ್ನು ಬೆಳೆಸಿದರು. ಉಳಿದವರು ಉತ್ತರಕ್ಕೆ ರೈಲು ಹತ್ತಿದರು.

ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಡಫಿ ಡೌಹರ್ಟಿ ದಕ್ಷಿಣದ ಈ ಹುಡುಗರನ್ನು ಮನಸಾರೆ ಕರೆದುಕೊಂಡರು. ಟೆಕ್ಸಸ್‌ನ ಬೋಮಾಂಟ್‌ನಿಂದ ಬಬ್ಬಾ ಸ್ಮಿತ್ ಬಂದರು, ದಕ್ಷಿಣ ಕೆರೊಲಿನಾದಿಂದ ಜಾರ್ಜ್ ವೆಬ್ಸ್ಟರ್ ಬಂದರು, ಟೆಕ್ಸಸ್ ಕರಾವಳಿಯಿಂದ ಜೀನ್ ವಾಷಿಂಗ್ಟನ್ ಬಂದರು. 1967ರಲ್ಲಿ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸಿದಾಗ ಮೊದಲ ಎಂಟು ಜನರಲ್ಲಿ ಈ ಮೂವರೂ ಇದ್ದರು, ಸ್ಮಿತ್ ಎಲ್ಲರಿಗಿಂತ ಮೊದಲು. ಅವರನ್ನು ಹೆತ್ತ ನಾಡು ಅವರ ಆಟವನ್ನು ಹೊರಗಿನ ಮೈದಾನಗಳಲ್ಲಿ ನೋಡಬೇಕಾಯಿತು.

ಅದೇ 1967ರಲ್ಲಿ ಕೆಂಟಕಿಯ ನೇಟ್ ನಾರ್ದಿಂಗ್ಟನ್ ದಕ್ಷಿಣದ ದೊಡ್ಡ ಲೀಗ್ ಎಸ್‌ಇಸಿಯ ಪಂದ್ಯದಲ್ಲಿ ಆಡಿದ ಮೊದಲ ಕಪ್ಪು ಆಟಗಾರನಾದರು. 1970ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಯುಎಸ್‌ಸಿ ತಂಡ ಬರ್ಮಿಂಗ್‌ಹ್ಯಾಮಿಗೆ ಬಂದು, ಪೂರ್ತಿ ಬಿಳಿಯರ ಅಲಬಾಮ ತಂಡವನ್ನು 42-21ರಿಂದ ಸೋಲಿಸಿತು. ಯುಎಸ್‌ಸಿಯ ಕಪ್ಪು ಆಟಗಾರ ಸ್ಯಾಮ್ ಕನ್ನಿಂಗ್‌ಹ್ಯಾಮ್ ಅಂದು 135 ಗಜ ಓಡಿದರು. ವಿಲ್ಬರ್ ಜಾಕ್ಸನ್ ಎಂಬ ಕಪ್ಪು ಹುಡುಗನನ್ನು ಅಲಬಾಮ ಅದಾಗಲೇ ಸೇರಿಸಿಕೊಂಡಿತ್ತು. ಮೊದಲ ವರ್ಷದವರು ಆಡುವಂತಿಲ್ಲವೆಂಬ ನಿಯಮದಿಂದ ಅವರು ಅಂದು ಹೊರಗಿದ್ದರು. ಬಾಗಿಲು ತೆರೆದ ಮೇಲೆ ದಕ್ಷಿಣ ತನ್ನ ಮಕ್ಕಳನ್ನು ತಾನೇ ಇಟ್ಟುಕೊಳ್ಳತೊಡಗಿತು. 2006ರಿಂದ 2012ರವರೆಗೆ ಏಳು ವರ್ಷ ಸತತವಾಗಿ ರಾಷ್ಟ್ರೀಯ ಪ್ರಶಸ್ತಿ ಎಸ್‌ಇಸಿ ತಂಡಗಳಿಗೇ ಹೋಯಿತು. ಇಂದು 'ದಕ್ಷಿಣದ ಪ್ರಾಬಲ್ಯ' ಎಂದು ಕೊಂಡಾಡುವಾಗ, ಆ ಪ್ರಾಬಲ್ಯದ ಅರ್ಧ ಭಾಗ ಬಹುಕಾಲ ಗೇಟಿನ ಹೊರಗೆ ನಿಂತಿತ್ತು ಎಂಬುದನ್ನು ಮರೆಯಬಾರದು.

ಟೆಕ್ಸಸ್‌ನ ಶುಕ್ರವಾರ

ಟೆಕ್ಸಸ್‌ನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೈಸ್ಕೂಲು ಹುಡುಗರು ಫುಟ್‌ಬಾಲ್ ಆಡುತ್ತಾರೆ. ಹನ್ನೊಂದು ಹುಡುಗರನ್ನು ಕೂಡಿಸಲಾಗದ ಬಯಲುಸೀಮೆಯ ಪುಟ್ಟ ಶಾಲೆಗಳು ಆರಾರು ಜನರ ತಂಡ ಕಟ್ಟಿ ಎಂಬತ್ತು ಗಜದ ಮೈದಾನದಲ್ಲಿ ಆಡುತ್ತವೆ. ಶುಕ್ರವಾರ ರಾತ್ರಿ ಊರಿಗೆ ಊರೇ ಮೈದಾನದಲ್ಲಿರುತ್ತದೆ. 1988ರಲ್ಲಿ ತೈಲದ ಊರು ಒಡೆಸ್ಸಾದಲ್ಲಿ ಒಂದು ಋತು ಕಳೆದು ಎಚ್. ಜಿ. ಬಿಸಿಂಜರ್ ಬರೆದ ಪುಸ್ತಕ 'ಫ್ರೈಡೆ ನೈಟ್ ಲೈಟ್ಸ್' 1990ರಲ್ಲಿ ಬಂತು, ಆಮೇಲೆ ಸಿನಿಮಾ, ಧಾರಾವಾಹಿಗಳೂ ಆದವು.

ಈ ಉತ್ಸಾಹದ ಹಿಂದೆ ಗಟ್ಟಿಯಾದ ವ್ಯವಸ್ಥೆಯಿದೆ. ಸರ್ಕಾರಿ ಶಾಲೆಯ ಮುಖ್ಯ ಕೋಚ್ ಶಾಲಾ ಜಿಲ್ಲೆಯ ಪೂರ್ಣಾವಧಿ ನೌಕರನೇ ಆಗಿರಬೇಕೆಂಬ ನಿಯಮವಿದೆ. ವೇಳಾಪಟ್ಟಿಯಲ್ಲೇ ಕ್ರೀಡಾ ಪೀರಿಯಡ್ ಇರುತ್ತದೆ. ದೊಡ್ಡ ಶಾಲೆಗಳಿಗೆ ವಸಂತದಲ್ಲೂ ಅಭ್ಯಾಸಕ್ಕೆ ಅವಕಾಶವಿದೆ. ಉತ್ತರದ ಮೈದಾನ ಹಿಮದಡಿ ಮಲಗಿರುವಾಗ ಟೆಕ್ಸಸ್ ಹುಡುಗ ಬಯಲಲ್ಲಿ ಓಡುತ್ತಿರುತ್ತಾನೆ. ನಾಲ್ಕು ವರ್ಷಕ್ಕೆ ಆ ದಿನಗಳನ್ನು ಕೂಡಿಸಿ ನೋಡಿದರೆ ಇಬ್ಬರ ನಡುವಿನ ಅಂತರ ತಾನೇ ಅರ್ಥವಾಗುತ್ತದೆ.

ಡಲ್ಲಾಸಿನ ಉತ್ತರಕ್ಕಿರುವ ಆಲನ್ ಊರಿನ ಮತದಾರರು 2009ರಲ್ಲಿ ತೆರಿಗೆಯ ಹೊಣೆ ಹೊತ್ತು ಸಾಲಕ್ಕೆ ಒಪ್ಪಿದರು. 2012ರಲ್ಲಿ ಹೈಸ್ಕೂಲಿಗೆಂದೇ 18 ಸಾವಿರ ಆಸನಗಳ ಕ್ರೀಡಾಂಗಣ ಎದ್ದಿತು, ವೆಚ್ಚ ಸುಮಾರು ಆರು ಕೋಟಿ ಡಾಲರ್. ಎರಡೇ ವರ್ಷದಲ್ಲಿ ಕಾಂಕ್ರೀಟು ಬಿರುಕು ಬಿಟ್ಟು ಮುಚ್ಚಬೇಕಾಯಿತು. ದುರಸ್ತಿಯಾಗಿ 2015ರಲ್ಲಿ ಮತ್ತೆ ತೆರೆಯಿತು. ಅಲ್ಲಿ ಆಡಿದ ಕೈಲರ್ ಮರ್ರಿ 2018ರಲ್ಲಿ ಕಾಲೇಜು ಆಟದ ಅತ್ಯುನ್ನತ ಹೈಸ್ಮನ್ ಪ್ರಶಸ್ತಿ ಪಡೆದರು.

ಆಲನ್, ಪ್ಲೇನೋ, ಫ್ರಿಸ್ಕೋಗಳಲ್ಲಿ ಇಂದು ಕನ್ನಡದ ಮನೆಗಳೂ ಇವೆ. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ನೆಲೆಸಿದವರ ಮಕ್ಕಳು ಇದೇ ಶಾಲೆಗಳಲ್ಲಿ ಓದುತ್ತಾರೆ. ಶುಕ್ರವಾರ ರಾತ್ರಿ ಅವರನ್ನು ಬ್ಯಾಂಡಿನ ಸಮವಸ್ತ್ರದಲ್ಲಿ, ಗ್ಯಾಲರಿಯಲ್ಲಿ ಹುಡುಕಿದರೆ ಬೇಗ ಸಿಗುತ್ತಾರೆ, ಲೈನ್‌ಮನ್‌ಗಳ ಸಾಲಿನಲ್ಲಿ ಅಪರೂಪ. ಅದೇ ಗಾಳಿ, ಅದೇ ಬಿಸಿಲು, ಅದೇ ಮೈದಾನ. ಆದರೆ ಆ ಮನೆಯಲ್ಲಿ ಮಗು ಹುಟ್ಟುವ ಮೊದಲೇ ಕಾಲೇಜಿನ ದಾರಿ ಸಿದ್ಧವಾಗಿರುತ್ತದೆ. ಅದಕ್ಕಾಗಿ ಯಾರ ಎದೆಗೂ ಡಿಕ್ಕಿ ಹೊಡೆಯಬೇಕಿಲ್ಲ.

ದ್ವೀಪದ ಲೆಕ್ಕ

ಪೆಸಿಫಿಕ್ ಸಾಗರದ ನಡುವೆ ಅಮೆರಿಕನ್ ಸಮೋವ ಎಂಬ ದ್ವೀಪನಾಡಿದೆ. ಜನಸಂಖ್ಯೆ ಐವತ್ತು ಸಾವಿರದಷ್ಟು. ಅಷ್ಟೂ ಜನರನ್ನು ಮಿಷಿಗನ್ ವಿಶ್ವವಿದ್ಯಾಲಯದ ಒಂದು ಕ್ರೀಡಾಂಗಣಕ್ಕೆ ತಂದು ಕೂರಿಸಿದರೂ ಅರ್ಧಕ್ಕಿಂತ ಹೆಚ್ಚು ಆಸನ ಖಾಲಿ ಉಳಿಯುತ್ತವೆ. ಆದರೆ ಸಮೋವ ಮೂಲದ ಆಟಗಾರರಿಲ್ಲದ ಎನ್‌ಎಫ್‌ಎಲ್ ಅನ್ನು ಊಹಿಸುವುದು ಕಷ್ಟ. ಜೂನಿಯರ್ ಸೇಯಾವು, ಟ್ರಾಯ್ ಪೊಲಮಾಲು ಅವರಂಥ ದಿಗ್ಗಜರು ಆ ಮೂಲದವರು. ದ್ವೀಪದಲ್ಲಿ ಕೆಲಸವೆಂದರೆ ಸರ್ಕಾರಿ ಕಚೇರಿ, ಪಾಗೊ ಪಾಗೊ ಬಂದರಿನ ಟ್ಯೂನಾ ಮೀನಿನ ಕಾರ್ಖಾನೆ, ಇಲ್ಲವೇ ಅಮೆರಿಕದ ಸೈನ್ಯ. ಆಮೇಲೆ ಫುಟ್‌ಬಾಲ್. ಅಲ್ಲಿಂದ ಹವಾಯಿ, ಕ್ಯಾಲಿಫೋರ್ನಿಯಾ, ಯೂಟಾಗಳಿಗೆ ವಲಸೆ ಹೋದ ಕುಟುಂಬಗಳು ಆಟವನ್ನೂ ಜೊತೆಗೇ ಕೊಂಡೊಯ್ದವು.

ಹವಾಯಿಯ ಹುಡುಗ ಟುವಾ ಟಗೊವೈಲೋವ ಅಲಬಾಮಕ್ಕೆ ಆಡಲು ಹೋದಾಗ ತಂದೆತಾಯಿಯೂ ಸಾಗರ ದಾಟಿ ಅಲಬಾಮದಲ್ಲೇ ಮನೆ ಮಾಡಿದರು. 2018ರ ಜನವರಿಯ ರಾಷ್ಟ್ರೀಯ ಫೈನಲ್‌ನಲ್ಲಿ ದ್ವಿತೀಯಾರ್ಧಕ್ಕೆ ಇಳಿದ ಅವರು ಹೆಚ್ಚುವರಿ ಆಟದಲ್ಲಿ ಎಸೆದ ಚೆಂಡೇ ಪಂದ್ಯ ಗೆದ್ದುಕೊಟ್ಟಿತು. ದಕ್ಷಿಣದ ತಂಡ, ದ್ವೀಪದ ಹುಡುಗ. ಹಾಗೆಯೇ 2021ರಲ್ಲಿ ಅಲಬಾಮಕ್ಕೆ ಹೈಸ್ಮನ್ ತಂದ ಬ್ರೈಸ್ ಯಂಗ್ ಕಲಿತದ್ದು ಕ್ಯಾಲಿಫೋರ್ನಿಯಾದ ಸಾಂಟಾ ಆನಾದ ಮೇಟರ್ ಡೇ ಎಂಬ ಕ್ಯಾಥೊಲಿಕ್ ಶಾಲೆಯಲ್ಲಿ. ಪ್ರತಿಭೆ ಒಂದು ನೆಲದಲ್ಲಿ ಬೆಳೆಯುತ್ತದೆ, ಹೆಸರು ಇನ್ನೊಂದು ನೆಲಕ್ಕೆ ಸೇರುತ್ತದೆ.

ಯಾರೂ ಕಾರು ನಿಲ್ಲಿಸದ ಊರು

ಅಟ್ಲಾಂಟಾ, ಡಲ್ಲಾಸ್, ಮಯಾಮಿಗಳಲ್ಲಿ ವಿಮಾನ ಇಳಿದ ಕೋಚ್ ಒಂದೇ ದಿನದಲ್ಲಿ ಹಲವು ಶಾಲೆಗಳಿಗೆ ಹೋಗಿ ಬರಬಹುದು. ಒಬ್ಬ ಹುಡುಗನನ್ನು ನೋಡಲು ಬಂದವನ ಕಣ್ಣಿಗೆ ಇನ್ನೂ ನಾಲ್ವರು ಬೀಳುತ್ತಾರೆ. ಹೀಗೆ ಕಂಡ ಊರು ಮತ್ತೆ ಮತ್ತೆ ಕಾಣುತ್ತದೆ. ಆದರೆ ಕ್ಯಾಲಿಫೋರ್ನಿಯಾದ ಕೃಷಿ ಕಣಿವೆಯ ಫೈರ್‌ಬಾ ಎಂಬ ಸಣ್ಣ ಊರಿಗಾಗಿ ಯಾರು ಹೆದ್ದಾರಿ ಬಿಟ್ಟು ತಿರುಗುತ್ತಾರೆ?

ಆ ಊರಿನ ರೈತರ ಮಗ ಜೋಶ್ ಆಲನ್ ಹೈಸ್ಕೂಲು ಮುಗಿಸಿದಾಗ ಒಂದು ದೊಡ್ಡ ಕಾಲೇಜೂ ಕರೆಯಲಿಲ್ಲ. ಹತ್ತಿರದ ರೀಡ್ಲಿ ಎಂಬ ಎರಡು ವರ್ಷದ ಕಾಲೇಜು ಸೇರಿ, ಅಲ್ಲಿಂದ ದೇಶದ ಕೋಚ್‌ಗಳಿಗೆಲ್ಲ ಇಮೇಲ್ ಮೇಲೆ ಇಮೇಲ್ ಕಳಿಸಿದರು. ಕೊನೆಗೆ ಕೈ ಹಿಡಿದದ್ದು ವಯೋಮಿಂಗ್ ವಿಶ್ವವಿದ್ಯಾಲಯ. 2018ರಲ್ಲಿ ಎನ್‌ಎಫ್‌ಎಲ್‌ಗೆ ಏಳನೆಯವರಾಗಿ ಆಯ್ಕೆಯಾದ ಆಲನ್ 2024ರ ಋತುವಿನಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನಾದರು. ಅದೇ ರಾಜ್ಯದ ಚಿಕೋ ಊರಿನ ಆರನ್ ರಾಜರ್ಸ್ ಅವರದೂ ಇಂಥದೇ ಕಥೆ. ಉತ್ತರ ಡಕೋಟದ ಕಾರ್ಸನ್ ವೆಂಟ್ಸ್ ತಮ್ಮ ರಾಜ್ಯದಲ್ಲೇ ಕಿರಿಯ ದರ್ಜೆಯ ಕಾಲೇಜಿನಲ್ಲಿ ಆಡಿ 2016ರಲ್ಲಿ ಎರಡನೆಯವರಾಗಿ ಆಯ್ಕೆಯಾದರು. ವಿಸ್ಕಾನ್ಸಿನ್‌ನ ಜೆ. ಜೆ. ವಾಟ್ ಎರಡೇ ನಕ್ಷತ್ರದ ಹುಡುಗ, ವಿದ್ಯಾರ್ಥಿವೇತನವಿಲ್ಲದೆ ತಮ್ಮ ರಾಜ್ಯದ ವಿಶ್ವವಿದ್ಯಾಲಯದ ತಂಡ ಸೇರಿಕೊಂಡವರು. ಕೊನೆಗೆ ತಮ್ಮ ಪೀಳಿಗೆಯ ಶ್ರೇಷ್ಠ ರಕ್ಷಣಾ ಆಟಗಾರರಲ್ಲೊಬ್ಬರಾದರು.

ಇವರು ಹೇಗೋ ಬಾಗಿಲು ಮುರಿದು ಒಳಬಂದವರು. ಬಾಗಿಲು ಬಡಿದು ಬಡಿದು ಕೈಸೋತು ಹೊಲಕ್ಕೆ, ಗ್ಯಾರೇಜಿಗೆ ಹಿಂದಿರುಗಿದವರು ಯಾವ ನಕ್ಷೆಯಲ್ಲೂ ಇಲ್ಲ. ಪ್ರತಿಭೆಯ ನಕ್ಷೆ ಎಂದು ನಾವು ಬಿಡಿಸುವ ಚಿತ್ರದಲ್ಲಿ ಅರ್ಧ ಕೋಚ್‌ಗಳ ಕಾರು ಓಡಾಡಿದ ರಸ್ತೆಗಳು, ಇನ್ನರ್ಧ ಬೇರೆ ದಾರಿಯಿಲ್ಲದ ಊರುಗಳು.

ಬೆಲೆ

ಈಗ ಹಣದ ಹರಿವೇ ಬದಲಾಗಿದೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖಗಳಿಂದ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು, 85ರ ಮಿತಿ ಹೋಗಿ ತಂಡದಲ್ಲಿ 105 ಜನರ ಮಿತಿ ಬಂದಿದೆ. ದುಡಿದವನಿಗೆ ಕೂಲಿ ಸಿಗುವುದು ನ್ಯಾಯವೇ. ಆದರೆ ಬೇರೆ ಕಾಲೇಜಿನಲ್ಲಿ ಎರಡು ವರ್ಷ ಪಳಗಿದ ಆಟಗಾರ ಸುಲಭವಾಗಿ ಸಿಗುವಾಗ, ಕೋಚ್‌ಗಳು ಹದಿನೇಳರ ಅಪಕ್ವ ಹುಡುಗನಿಗೆ ಕಾಯಲು ಹಿಂದೆಗೆಯುತ್ತಾರೆ. ಅದರ ಪೆಟ್ಟು ಮೊದಲು ಬೀಳುವುದು ದೂರದ ಊರಿನವರಿಗೆ.

ಇನ್ನೊಂದು ಬೆಲೆ ಮೈಮೇಲಿನದು. ಪಹೋಕಿ ಹೈಸ್ಕೂಲಿನ ಹುಡುಗ ಆಂಡ್ರೆ ವಾಟರ್ಸ್ ಸಣ್ಣ ಕಾಲೇಜಿನಿಂದ ಬಂದು, ಯಾರೂ ಆರಿಸದಿದ್ದರೂ ಫಿಲಡೆಲ್ಫಿಯ ತಂಡದಲ್ಲಿ ವರ್ಷಗಟ್ಟಲೆ ಆಡಿದರು. ಎದುರಾಳಿಗೆ ಡಿಕ್ಕಿ ಕೊಡುವುದರಲ್ಲಿ ಅವರದು ದೊಡ್ಡ ಹೆಸರು. 2006ರ ನವೆಂಬರ್‌ನಲ್ಲಿ, ತಮ್ಮ 44ನೇ ವಯಸ್ಸಿನಲ್ಲಿ ಅವರು ಪ್ರಾಣ ಕಳೆದುಕೊಂಡರು. ಅವರ ಮಿದುಳನ್ನು ಪರೀಕ್ಷಿಸಿದ ಡಾ. ಬೆನೆಟ್ ಒಮಾಲು, ಅದು 85 ವರ್ಷದ ಮುದುಕರ ಮಿದುಳಿನಂತಿದೆ ಎಂದರು. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ತಂಡ ದಾನವಾಗಿ ಬಂದ 111 ಎನ್‌ಎಫ್‌ಎಲ್ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಪದೇ ಪದೇ ಬಿದ್ದ ಪೆಟ್ಟಿನಿಂದ ಬರುವ ರೋಗವನ್ನು ಕಂಡಿತು. ಕುಟುಂಬಗಳು ಸಂಶಯದಿಂದಲೇ ಕೊಟ್ಟ ಮಿದುಳುಗಳವು. ಹಾಗಾಗಿ ಆಡಿದವರಿಗೆಲ್ಲ ಇದೇ ಗತಿ ಎನ್ನಲಾಗದು. ಆದರೂ ಯಾವ ತಾಯಿಗೂ ಆ ಅಂಕಿ ಮರೆಯುವಂಥದ್ದಲ್ಲ. ಕೈಯಲ್ಲಿ ಬೇರೆ ಆಯ್ಕೆ ಇರುವ ತಾಯಿ ಮಗನನ್ನು ಟೆನಿಸಿಗೋ ಈಜಿಗೋ ಸೇರಿಸಬಹುದು. ಪಹೋಕಿಯ ತಾಯಿ ಏನು ಮಾಡಬೇಕು?

ಇನ್ನೊಂದು ದಾರಿ

ಬೆಲ್ ಗ್ಲೇಡ್, ಪಹೋಕಿಗಳಿರುವುದು ಪಾಮ್ ಬೀಚ್ ಕೌಂಟಿಯಲ್ಲಿ. ಅದೇ ಕೌಂಟಿಯ ಇನ್ನೊಂದು ತುದಿಯಲ್ಲಿ, ಅರವತ್ತೆಪ್ಪತ್ತು ಕಿಲೋಮೀಟರ್ ದೂರದ ಕಡಲ ತಡಿಯಲ್ಲಿ, ಅಮೆರಿಕದ ಅತಿ ಶ್ರೀಮಂತರ ಬಂಗಲೆಗಳಿವೆ. 1928ರ ಚಂಡಮಾರುತಕ್ಕೆ ಸರೋವರ ಉಕ್ಕಿ ಈ ಕಪ್ಪು ಮಣ್ಣಿನಲ್ಲಿ ಎರಡೂವರೆ ಸಾವಿರ ಜನ ಸತ್ತರು, ಬಹುಪಾಲು ಕಪ್ಪು ಕೂಲಿಕಾರರು. 1960ರಲ್ಲಿ ಪತ್ರಕರ್ತ ಎಡ್ವರ್ಡ್ ಮರೋ ಅವರ ಸಾಕ್ಷ್ಯಚಿತ್ರ ಬೆಲ್ ಗ್ಲೇಡ್‌ನ ಕೂಲಿಗಳ ಬದುಕನ್ನು ದೇಶಕ್ಕೆ ತೋರಿಸಿತು. 1990ರ ದಶಕದಲ್ಲಿ ಕಬ್ಬು ಕಡಿಯುವ ಕೆಲಸವನ್ನೂ ಯಂತ್ರಗಳು ತೆಗೆದುಕೊಂಡವು. ನೆಲ ಬೆಳೆದದ್ದೆಲ್ಲ ಹೊರಗೆ ಹೋಯಿತು. ಸಕ್ಕರೆಯೂ, ಹುಡುಗರೂ.

ಹೋದವರಲ್ಲಿ ಕೆಲವರು ಊರನ್ನು ಮರೆಯಲಿಲ್ಲ. ಆಂಕ್ವಾನ್ ಬೋಲ್ಡಿನ್ 2004ರಲ್ಲೇ ತಮ್ಮ ಹೆಸರಿನ ಪ್ರತಿಷ್ಠಾನ ಕಟ್ಟಿದರು, ಬಡ ಮಕ್ಕಳ ಓದಿಗೆಂದು. 2015ರ ಅಕ್ಟೋಬರ್‌ನಲ್ಲಿ ಅವರ ಸೋದರಸಂಬಂಧಿ ಕೋರಿ ಜೋನ್ಸ್, ರಾತ್ರಿ ಕಾರು ಕೆಟ್ಟು ರಸ್ತೆ ಬದಿಯಲ್ಲಿ ನಿಂತಿದ್ದಾಗ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದರು. 2017ರಲ್ಲಿ ಬೋಲ್ಡಿನ್ ಆಟ ಬಿಟ್ಟರು. ತಮಗೆ ಫುಟ್‌ಬಾಲ್‌ಗಿಂತ ದೊಡ್ಡ ಕೆಲಸವಿದೆ ಎಂದು ನ್ಯಾಯದ ಹೋರಾಟಕ್ಕೆ ಇಳಿದರು.

ಅವರ ಕಾಲು ಗೆದ್ದ ಹಣ ಈಗ ಪುಸ್ತಕಕ್ಕೆ, ಕಾಲೇಜಿನ ಶುಲ್ಕಕ್ಕೆ ಹೋಗುತ್ತಿದೆ. ಆ ನೆರವು ಪಡೆಯುವ ಮಗು ನಲವತ್ತು ಗಜವನ್ನು ಎಷ್ಟು ಸೆಕೆಂಡಿನಲ್ಲಿ ಓಡುತ್ತದೆ ಎಂದು ಕೋಚ್‌ಗಳಂತೆ ಯಾರೂ ಕೇಳುವುದಿಲ್ಲ. ಮುಂದೊಂದು ದಿನ ಪಹೋಕಿಯಿಂದ ಎನ್‌ಎಫ್‌ಎಲ್‌ಗೆ ಹೋಗುವವರ ಸಂಖ್ಯೆ ಕಡಿಮೆಯಾದರೆ, ಆ ಊರಿನ ಪ್ರತಿಭೆ ಬತ್ತಿತು ಎಂದು ಪಟ್ಟಿ ಬರೆಯುವವರು ಮರುಗಬಹುದು. ನಾನು ಮರುಗುವುದಿಲ್ಲ. ಹೊಗೆಯಿಂದ ಹೊರಗೋಡಲು ಮೊಲಕ್ಕೊಂದೇ ದಾರಿ, ಹುಡುಗನಿಗೂ ಒಂದೇ ದಾರಿ ಎಂಬ ಕಾಲ ಕೊನೆಗೂ ಮುಗಿಯಿತು ಎಂದುಕೊಳ್ಳುತ್ತೇನೆ.